ಸೇಂಟ್ ಲೂಸಿಯಾದಲ್ಲಿ ದಡಕ್ಕಿಳಿದ ಮೇಲೆ: ಏನು ನೋಡಬೇಕು, ಯಾವ ದಾರಿಯಲ್ಲಿ ಹೋಗಬೇಕು

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ, ಉತ್ತರಕ್ಕೆ ಮಾರ್ಟಿನಿಕ್ ಮತ್ತು ದಕ್ಷಿಣಕ್ಕೆ ಸೇಂಟ್ ವಿನ್ಸೆಂಟ್ ದ್ವೀಪಗಳ ನಡುವೆ ಇರುವ ಸೇಂಟ್ ಲೂಸಿಯಾ ಸುಮಾರು 43 ಕಿ.ಮೀ. ಉದ್ದ, 22 ಕಿ.ಮೀ. ಅಗಲದ ಪುಟ್ಟ ದೇಶ. ಈ ಅಂಕಿಗಳನ್ನು ಓದಿದವರು ಒಂದೇ ದಿನದಲ್ಲಿ ದ್ವೀಪವನ್ನೆಲ್ಲ ಸುತ್ತಿ ಬರಬಹುದೆಂದು ಲೆಕ್ಕ ಹಾಕುತ್ತಾರೆ. ಇಲ್ಲಿನ ರಜೆ ಕೆಡುವುದು ಬಹುಮಟ್ಟಿಗೆ ಆ ಲೆಕ್ಕದಿಂದಲೇ. ಜ್ವಾಲಾಮುಖಿಗಳಿಂದ ಎದ್ದ ಈ ದ್ವೀಪದಲ್ಲಿ ನಡುವಿನ ಬೆಟ್ಟಸಾಲಿನಿಂದ ಹೊರಟ ಏಣುಗಳು ಸಮುದ್ರದವರೆಗೂ ಇಳಿದಿರುವುದರಿಂದ, ಪಶ್ಚಿಮ ಕರಾವಳಿಯ ರಸ್ತೆ ಪ್ರತಿ ಏಣನ್ನೂ ಹತ್ತಿ, ಪ್ರತಿ ಕಣಿವೆಗೂ ಇಳಿದು, ತಿರುವಿನ ಮೇಲೆ ತಿರುವು ತೆಗೆದುಕೊಂಡು ಸಾಗುತ್ತದೆ. ರಾಜಧಾನಿ ಕ್ಯಾಸ್ಟ್ರೀಸ್‌ನಿಂದ ನೈರುತ್ಯದ ಸೂಫ್ರಿಯೇರ್ ಪಟ್ಟಣಕ್ಕೆ ನಕ್ಷೆಯಲ್ಲಿ ಅಂಗೈ ಅಗಲದ ದೂರವಿದ್ದರೂ ರಸ್ತೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುವ ಮುನ್ನ, ದಡಕ್ಕೆ ಎಲ್ಲಿ ಇಳಿಯುತ್ತೀರಿ ಮತ್ತು ಅಲ್ಲಿಂದ ರಸ್ತೆಯಲ್ಲಿ ಹೋಗುತ್ತೀರೋ ನೀರಿನ ಮೇಲೆ ಹೋಗುತ್ತೀರೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಪ್ರವಾಸಿ ಹಡಗಿನಲ್ಲಿ ಬರುವವರು ಸಾಮಾನ್ಯವಾಗಿ ಕ್ಯಾಸ್ಟ್ರೀಸ್ ಬಂದರಿನಲ್ಲಿ ಇಳಿಯುತ್ತಾರೆ; ಅವರ ಕೈಯಲ್ಲಿ ಏಳೆಂಟು ಗಂಟೆಗಳಷ್ಟೇ ಇರುತ್ತವೆ. ಅಂಥವರು ದಕ್ಷಿಣ ಅಥವಾ ಉತ್ತರ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡಿದ್ದಕ್ಕಿಂತ ಕಿಟಕಿಯಿಂದ ಕಂಡದ್ದೇ ಹೆಚ್ಚಾಗುತ್ತದೆ. ದ್ವೀಪದ ಗಡಿಯಾರ ವರ್ಷವಿಡೀ ಜಾಗತಿಕ ಪ್ರಮಾಣ ಸಮಯಕ್ಕಿಂತ ನಾಲ್ಕು ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಅದನ್ನು ಬದಲಿಸುವುದಿಲ್ಲ. ಹಡಗಿನ ಗಡಿಯಾರ ಬೇರೆಯಾಗಿರಬಹುದು. ಮರಳಬೇಕಾದ ಸಮಯವನ್ನು ಹಡಗಿನ ಗಡಿಯಾರದಂತೆ ಬರೆದಿಟ್ಟುಕೊಂಡು, ಅದಕ್ಕೂ ಒಂದೂವರೆ ಗಂಟೆ ಮೊದಲೇ ಬಂದರಿಗೆ ತಲುಪುವಂತೆ ದಿನವನ್ನು ಹೊಂದಿಸಿಕೊಳ್ಳಿ. ಬೆಟ್ಟದ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಆ ಒಂದೂವರೆ ಗಂಟೆ ಬೇಕಾಗುತ್ತದೆ.

ವಾರ ಕಾಲ ತಂಗುವವರ ಪ್ರಶ್ನೆ ಬೇರೆ. ಹೋಟೆಲುಗಳು ಹೆಚ್ಚಾಗಿ ಉತ್ತರದ ರಾಡ್ನಿ ಬೇ ಸುತ್ತಮುತ್ತ ಇವೆ, ದೂರದ ದೇಶಗಳಿಂದ ಬರುವ ವಿಮಾನಗಳು ಇಳಿಯುವ ಹೆವನೋರಾ ನಿಲ್ದಾಣವೋ ದಕ್ಷಿಣದ ತುದಿಯ ವ್ಯೂ ಫೋರ್ ಪಟ್ಟಣದಲ್ಲಿದೆ. ಇವೆರಡರ ನಡುವೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಇಳಿದ ದಿನವೇ ದಣಿದ ಮೈಯಲ್ಲಿ ದ್ವೀಪದ ಉದ್ದಕ್ಕೂ ಪ್ರಯಾಣಿಸುವ ಬದಲು ಮೊದಲ ಎರಡು ಮೂರು ರಾತ್ರಿಗಳನ್ನು ಸೂಫ್ರಿಯೇರ್‌ನಲ್ಲಿ ಕಳೆದು, ಅನಂತರ ಉತ್ತರಕ್ಕೆ ಹೋಗುವುದು ಒಳ್ಳೆಯದು. ದ್ವೀಪದ ಸತ್ವವೆಲ್ಲ ಸೂಫ್ರಿಯೇರ್ ಸುತ್ತಲೇ ಇದೆ. ಅದನ್ನು ದಿನದ ಪ್ರವಾಸಕ್ಕೆ ಇಳಿಸಿಬಿಟ್ಟರೆ ನಡು ಮಧ್ಯಾಹ್ನದ ಬಿಸಿಲಲ್ಲಿ, ಹಡಗಿನಿಂದ ಬಂದವರ ಗುಂಪಿನ ನಡುವೆ ಅದನ್ನು ನೋಡಬೇಕಾಗುತ್ತದೆ.

ಸೂಫ್ರಿಯೇರ್: ಬೆಳಗಿನ ಊರು

ಫ್ರೆಂಚರು 1746ರಲ್ಲಿ ಕಟ್ಟಿದ ಸೂಫ್ರಿಯೇರ್ ಆ ಕಾಲದಲ್ಲಿ ದ್ವೀಪದ ರಾಜಧಾನಿಯಾಗಿತ್ತು. ಹೆಸರಿನಲ್ಲೇ ಗಂಧಕವಿದೆ. ಊರಿನ ಹೊರಗೆ, ವಾಹನ ಹತ್ತಿರದವರೆಗೂ ಹೋಗುವ ಗಂಧಕದ ಬುಗ್ಗೆಗಳಿವೆ. ಇದು ಕುಸಿದು ಹೋದ ಹಳೆಯ ಜ್ವಾಲಾಮುಖಿಯ ಒಡಲು. ಬೂದು ಬಣ್ಣದ ನೆಲದಲ್ಲಿ ಕಪ್ಪು ನೀರು ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಹಿಂದೆ ಜನ ಕುಳಿಗಳ ಪಕ್ಕದಲ್ಲೇ ನಡೆದಾಡುತ್ತಿದ್ದರು. ಮಾರ್ಗದರ್ಶಕನೊಬ್ಬ ತೆಳುವಾದ ನೆಲ ಕುಸಿದು ಕುದಿನೀರಿಗೆ ಬಿದ್ದು ಸುಟ್ಟುಕೊಂಡ ಮೇಲೆ, ಈಗ ಕಟ್ಟೆಯ ಮೇಲಿನಿಂದ ಮಾತ್ರ ನೋಡಲು ಬಿಡುತ್ತಾರೆ. ಈ ಕಟ್ಟುಪಾಡನ್ನು ಯಾರೂ ಮೀರಬಾರದು.

ನೋಡಿ ಮುಗಿದ ಮೇಲೆ ಕೆಳಗಿನ ಕೊಳಗಳಿಗೆ ಬನ್ನಿ. ಬುಗ್ಗೆಯ ನೀರು ಅಲ್ಲಿಗೆ ಬರುವಷ್ಟರಲ್ಲಿ ಮೈ ತಾಳುವಷ್ಟು ಆರಿರುತ್ತದೆ. ಮೊದಲು ನೀರಿನಲ್ಲಿ ಕುಳಿತು, ಹೊರಬಂದು ಮೈಗೆಲ್ಲ ಬೂದು ಮಣ್ಣು ಬಳಿದುಕೊಂಡು, ಅದು ಒಣಗಿ ಬಿಗಿಯುವವರೆಗೆ ಕಾದು, ಮತ್ತೆ ನೀರಿಗಿಳಿದು ತೊಳೆದುಕೊಳ್ಳುವುದು ಇಲ್ಲಿನ ಕ್ರಮ. ಬೆಳ್ಳಿಯ ಒಡವೆಗಳನ್ನು ಕೋಣೆಯಲ್ಲೇ ಬಿಟ್ಟು ಬರಬೇಕು, ಏಕೆಂದರೆ ಗಂಧಕದ ಅನಿಲ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ತಿಳಿ ಬಣ್ಣದ ಈಜುಡುಗೆಗೆ ಮಣ್ಣಿನ ಕಲೆ ಹಿಡಿದರೆ ಹೋಗುವುದು ಕಷ್ಟ, ಆದ್ದರಿಂದ ಹಳೆಯದನ್ನೇ ಉಡಿ. ರಕ್ತದೊತ್ತಡ ಇರುವವರು, ಗರ್ಭಿಣಿಯರು ಬಿಸಿ ನೀರಿನಲ್ಲಿ ಹೆಚ್ಚು ಹೊತ್ತು ಕೂರಬಾರದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಂದವರಿಗೆ ಕೊಳದಲ್ಲಿ ಜಾಗ ಸಿಗುತ್ತದೆ; ಹತ್ತೂವರೆಯ ನಂತರ ಬಂದವರಿಗೆ ಗುಂಪು ಸಿಗುತ್ತದೆ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಡೈಮಂಡ್ ಸಸ್ಯೋದ್ಯಾನವಿದೆ. ಹದಿನಾರನೇ ಲೂಯಿ ತನ್ನ ಸೈನಿಕರಿಗಾಗಿ ಕಟ್ಟಿಸಿದ ಬಿಸಿನೀರಿನ ಸ್ನಾನಗೃಹಗಳ ಜಾಗ ಇದು. ಉದ್ಯಾನದ ಕೊನೆಯಲ್ಲಿ ಪುಟ್ಟ ಜಲಪಾತವೊಂದಿದ್ದು, ನೀರಿನಲ್ಲಿ ಕರಗಿ ಬರುವ ಖನಿಜಗಳಿಂದಾಗಿ ಬಂಡೆಯ ಮೇಲೆ ಹಳದಿ, ಹಸಿರು, ಕಂದು ಪಟ್ಟೆಗಳು ಮೂಡಿವೆ. ಈ ಜಲಪಾತದಲ್ಲಿ ಸ್ನಾನಕ್ಕೆ ಅವಕಾಶವಿಲ್ಲ. ನೋಡಲು ಅರ್ಧ ಗಂಟೆ ಸಾಕು.

ಸೂಫ್ರಿಯೇರ್‌ಗೆ ಬಂದವರು ಕೋಕೋ ತೋಟವೊಂದನ್ನು ನೋಡದೆ ಹೋಗಬಾರದು. ಇಲ್ಲಿ ಪ್ರವಾಸಿಗರನ್ನು ಬರಮಾಡಿಕೊಳ್ಳುವ ಹಳೆಯ ತೋಟಗಳಲ್ಲಿ ಫಾಂ ಡೂ ಮತ್ತು ಮಾರ್ನ್ ಕೂಬರಿಲ್ ಸುಲಭವಾಗಿ ತಲುಪಬಹುದಾದವು. ಕಾಂಡಕ್ಕೇ ಅಂಟಿಕೊಂಡು ಬೆಳೆಯುವ ಕಾಯಿಯನ್ನು ಒಡೆದು, ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಲು ಕೊಡುತ್ತಾರೆ; ಅದರಲ್ಲಿ ಚಾಕೊಲೇಟಿನ ಸುಳಿವೂ ಇರುವುದಿಲ್ಲ, ಹುಳಿ ಸಿಹಿಯಾಗಿರುತ್ತದೆ. ಆ ಬೀಜವನ್ನು ದಿನಗಟ್ಟಲೆ ಹುದುಗೇಳಿಸಿ, ಬಿಸಿಲಿನ ತಟ್ಟೆಗಳಲ್ಲಿ ಒಣಗಿಸಿದ ಮೇಲೆಯೇ ಪರಿಚಿತ ಪರಿಮಳ ಹುಟ್ಟುವುದು. ಬೀಜಕ್ಕೆ ಹೊಳಪು ಬರಲೆಂದು ದೊಡ್ಡ ಬಾಣಲೆಯಲ್ಲಿ ಹಾಕಿ ಬರಿಗಾಲಿನಿಂದ ತುಳಿಯುತ್ತಾ ಕುಣಿಯುವ ಹಳೆಯ ರೂಢಿಯನ್ನೂ ತೋರಿಸುತ್ತಾರೆ. ತೋಟದ ಸೊಗಸನ್ನು ಮೆಚ್ಚುವಾಗ ಈ ತೋಟಗಳನ್ನು ಕಟ್ಟಿದ್ದು ಆಫ್ರಿಕಾದಿಂದ ತಂದ ಗುಲಾಮರ ದುಡಿಮೆ ಎಂಬುದನ್ನು ಮರೆಯಬಾರದು. ಮಾರ್ಗದರ್ಶಕರನ್ನು ಆ ಕುರಿತು ಕೇಳಿ. ಕೇಳಿದವರಿಗೆ ಅವರು ಬಿಚ್ಚಿ ಹೇಳುತ್ತಾರೆ.

ಪಿಟಾನ್ ಏರುವುದು ಹೇಗೆ

ಸೂಫ್ರಿಯೇರ್‌ನ ದಕ್ಷಿಣಕ್ಕೆ ಸಮುದ್ರದಿಂದ ನೇರವಾಗಿ ಎದ್ದು ನಿಂತ ಎರಡು ಶಿಖರಗಳೇ ಪಿಟಾನ್‌ಗಳು. ಗ್ರೋ ಪಿಟಾನ್ 770 ಮೀಟರ್, ಪೆಟಿ ಪಿಟಾನ್ 743 ಮೀಟರ್ ಎತ್ತರವಿದ್ದು, 2004ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದ್ವೀಪದ ಅತಿ ಎತ್ತರದ ಬೆಟ್ಟ ಇವಲ್ಲ, ಒಳನಾಡಿನ ಮೌಂಟ್ ಗಿಮಿ. ಆದರೂ ದೇಶದ ಬಾವುಟದ ಮೇಲೆ ತ್ರಿಕೋನಗಳಾಗಿ ನಿಂತಿರುವುದು ಪಿಟಾನ್‌ಗಳೇ. ಜನಸಾಮಾನ್ಯರು ಏರಬಹುದಾದದ್ದು ಗ್ರೋ ಪಿಟಾನ್. ಪೆಟಿ ಪಿಟಾನ್ ಕಡಿದಾದ ಬಂಡೆ. ಅದರ ಆಸೆಯನ್ನು ಬಿಡುವುದು ಒಳ್ಳೆಯದು.

ಗ್ರೋ ಪಿಟಾನ್‌ನ ದಾರಿ ಹೊರಡುವುದು ಫಾಂ ಝಾನ್ ಲಿಬ್ ಎಂಬ ಹಳ್ಳಿಯಿಂದ. ಹೆಸರಿನ ಅರ್ಥ ಬಿಡುಗಡೆಯಾದವರ ಕಣಿವೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಬ್ರಿಟಿಷ್ ಸೈನ್ಯದ ವಿರುದ್ಧ ಕಾಡಿನಲ್ಲಿ ನಿಂತು ಹೋರಾಡಿದವರ ವಂಶದವರು ಇಲ್ಲಿ ನೆಲೆಸಿದ್ದಾರೆ, ಮತ್ತು ಬೆಟ್ಟಕ್ಕೆ ಕರೆದೊಯ್ಯುವ ಮಾರ್ಗದರ್ಶಕರೂ ಈ ಊರಿನವರೇ. ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಂಡೇ ಹತ್ತಬೇಕು. ಹತ್ತಿ ಇಳಿಯಲು ನಾಲ್ಕರಿಂದ ಐದು ಗಂಟೆ ಬೇಕಾಗುವುದರಿಂದ, ಬೆಳಿಗ್ಗೆ ಏಳರ ಹೊತ್ತಿಗೆ ಹೊರಡುವುದು ಸರಿ. ದಾರಿಯ ಮೊದಲರ್ಧ ಸುಲಭ, ಸಮುದ್ರ ಕಾಣುವ ತಿರುವುಗಳಿವೆ. ಎರಡನೆಯ ಅರ್ಧ ಕಲ್ಲು ಬೇರುಗಳ ಮೇಲೆ ಕೈಯೂರಿ ಏರುವ ಮೆಟ್ಟಿಲಿನಂಥ ಕಡಿದು. ಅರ್ಧ ದಾರಿಯಲ್ಲೇ ತೊಡೆ ನಡುಗಲು ತೊಡಗಿದರೆ ಅಲ್ಲಿಂದಲೇ ಮರಳಬೇಕು, ಏಕೆಂದರೆ ಇಳಿಯುವಾಗ ಮೊಣಕಾಲಿಗೆ ಬೀಳುವ ಭಾರ ಏರುವಾಗಿನದಕ್ಕಿಂತ ಹೆಚ್ಚು. ಒಬ್ಬರಿಗೆ ಎರಡು ಲೀಟರಿನಷ್ಟು ನೀರು, ಜಾರದ ಅಟ್ಟೆಯ ಬೂಟು, ಬದಲಿಸಲು ಒಂದು ಅಂಗಿ, ಇಷ್ಟಿದ್ದರೆ ಸಾಕು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಆ ದಿನ ಹತ್ತುವುದನ್ನು ಬಿಟ್ಟುಬಿಡಿ.

ಅಷ್ಟು ಹತ್ತಲಾಗದವರಿಗೆ, ಮಕ್ಕಳೊಂದಿಗೆ ಬಂದವರಿಗೆ, ಹಿರಿಯರಿಗೆ ಟೆಟ್ ಪಾಲ್ ಎಂಬ ಕಾಲುದಾರಿ ಇದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಈ ದಾರಿ ತೋಟಗಳ ನಡುವೆ ಹಾದು, ಎರಡೂ ಪಿಟಾನ್‌ಗಳು ಎದುರಾಗುವ ಜಾಗಕ್ಕೆ ತಲುಪಿಸುತ್ತದೆ. ನಿಜ ಹೇಳಬೇಕೆಂದರೆ ಪಿಟಾನ್‌ಗಳ ಚೆಲುವು ಕಾಣುವುದು ಅವುಗಳ ನೆತ್ತಿಯ ಮೇಲೆ ನಿಂತಾಗಲ್ಲ, ಇಂಥ ದೂರದಿಂದ.

ಸಮುದ್ರಕ್ಕೆ ಇಳಿಯುವ ಜಾಗಗಳು

ಈಜಲು ಪಶ್ಚಿಮ ಕರಾವಳಿಯನ್ನೇ ಆರಿಸಿಕೊಳ್ಳಿ. ಪೂರ್ವದ ದಡಕ್ಕೆ ಅಟ್ಲಾಂಟಿಕ್ ಸಾಗರದ ಅಲೆಗಳು ಅಡೆತಡೆಯಿಲ್ಲದೆ ಬಂದು ಅಪ್ಪಳಿಸುತ್ತವೆ. ಅಲ್ಲಿನ ಸೆಳೆತ ನುರಿತ ಈಜುಗಾರರನ್ನೂ ಎಳೆದೊಯ್ಯಬಲ್ಲದು. ಸೂಫ್ರಿಯೇರ್‌ನ ಉತ್ತರಕ್ಕಿರುವ ಆಂಸ್ ಶಾಸ್ತನೆ ತೀರದ ಮರಳು ಜ್ವಾಲಾಮುಖಿಯ ಕಪ್ಪು ಮರಳು, ಮತ್ತು ಅದರ ಹವಳದ ದಿಬ್ಬ ದಡದಿಂದ ಕೆಲವೇ ಮೀಟರ್ ದೂರದಲ್ಲಿ ಆರಂಭವಾಗುತ್ತದೆ. ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ತೇಲಿದರೆ ಗಿಳಿಮೀನು, ಸ್ಪಂಜು, ಕೊಳಲುಮೀನುಗಳ ಲೋಕ ಕಾಣುತ್ತದೆ. ಎರಡು ಪಿಟಾನ್‌ಗಳ ನಡುವಿನ ಶುಗರ್ ಬೀಚಿನ ಬಿಳಿ ಮರಳು ಹೊರಗಿನಿಂದ ತಂದು ಹಾಸಿದ್ದು. ಆದರೆ ಅಲ್ಲಿ ನೀರಿನಲ್ಲಿ ನಿಂತು ಎರಡೂ ಬದಿಗೆ ಎದ್ದ ಬೆಟ್ಟಗಳನ್ನು ತಲೆಯೆತ್ತಿ ನೋಡುವ ಅನುಭವ ದ್ವೀಪದ ಬೇರೆಲ್ಲೂ ಸಿಗದು. ಕಡಲತೀರಗಳೆಲ್ಲ ಸಾರ್ವಜನಿಕ ಸ್ವತ್ತು. ಹೋಟೆಲಿನ ಮುಂದಿನ ಮರಳಿನಲ್ಲಿ ಹಾಸು ಹಾಸಿ ಕೂರುವ ಹಕ್ಕು ಎಲ್ಲರಿಗೂ ಇದೆ, ಹೋಟೆಲಿನ ಕುರ್ಚಿಗೆ ಮಾತ್ರ ಹಣ ಕೊಡಬೇಕು.

ಹವಳವನ್ನು ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು. ಕಲ್ಲಿನಂತೆ ಕಂಡರೂ ಅದು ಜೀವ. ಸೂಫ್ರಿಯೇರ್‌ನ ಕರಾವಳಿಯನ್ನು 1990ರ ದಶಕದಿಂದ ಸಂರಕ್ಷಿತ ಕಡಲ ವಲಯವಾಗಿ ವಿಂಗಡಿಸಿ, ಮೀನುಗಾರಿಕೆಗೆ, ಈಜಿಗೆ, ದೋಣಿ ನಿಲ್ಲಿಸಲು ಬೇರೆ ಬೇರೆ ಜಾಗ ಗುರುತಿಸಿದ್ದಾರೆ. ದಡದಲ್ಲಿ ಎಚ್ಚರ ವಹಿಸಬೇಕಾದ ಮರವೊಂದಿದೆ, ಅದರ ಹೆಸರು ಮ್ಯಾಂಚನೀಲ್. ಪುಟ್ಟ ಹಸಿರು ಸೇಬಿನಂತೆ ಕಾಣುವ ಅದರ ಹಣ್ಣು ವಿಷ, ಹಾಲು ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೇ ಸುಡುತ್ತದೆ. ಹಲವೆಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಮಕ್ಕಳಿಗೆ ಅದನ್ನು ಮೊದಲೇ ತೋರಿಸಿಕೊಡಿ.

ಉತ್ತರದಲ್ಲಿ ತಂಗಿದವರು ಸೂಫ್ರಿಯೇರ್‌ಗೆ ಒಂದು ಸಲವಾದರೂ ದೋಣಿಯಲ್ಲಿ ಹೋಗಬೇಕು. ರಾಡ್ನಿ ಬೇಯಿಂದಲೂ ಕ್ಯಾಸ್ಟ್ರೀಸ್‌ನಿಂದಲೂ ದೋಣಿಗಳು ಹೊರಡುತ್ತವೆ. ಮರಿಗಾಟ್ ಕೊಲ್ಲಿಯ ಕಿರಿದಾದ ಬಾಯಿ, ಮೀನುಗಾರರ ಹಳ್ಳಿಗಳು ಒಂದೊಂದಾಗಿ ಹಿಂದೆ ಸರಿದು, ಕೊನೆಯ ತಿರುವಿನಲ್ಲಿ ಪೆಟಿ ಪಿಟಾನ್ ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಹೋಗುವಾಗ ದೋಣಿ, ಬರುವಾಗ ರಸ್ತೆ, ಅಥವಾ ತಿರುಗುಮುರುಗು ಮಾಡಿಕೊಂಡರೆ ಎರಡೂ ದಾರಿ ನೋಡಿದಂತಾಗುತ್ತದೆ. ತಿರುವಿನ ರಸ್ತೆಯಲ್ಲಿ ವಾಕರಿಕೆ ಬರುವವರಿಗೆ ಎರಡೂ ಸಲ ದೋಣಿಯೇ ಲೇಸು.

ಕ್ಯಾಸ್ಟ್ರೀಸ್ ಮತ್ತು ಉತ್ತರದ ಕೋಟೆ

ಕ್ಯಾಸ್ಟ್ರೀಸ್ ನೋಡಲು ಅರ್ಧ ದಿನ ಸಾಕು. 1948ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋದದ್ದರಿಂದ ಹಳೆಯ ಕಟ್ಟಡಗಳು ಕಡಿಮೆ. ಊರ ನಡುವಿನ ಚೌಕಕ್ಕೆ ಕವಿ ಡೆರೆಕ್ ವಾಲ್ಕಾಟ್ ಹೆಸರಿಟ್ಟಿದ್ದಾರೆ. ಅವರಿಗೆ 1992ರಲ್ಲಿ ಸಾಹಿತ್ಯದ ನೊಬೆಲ್, ಇದೇ ಊರಿನಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ ಅವರಿಗೆ 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಇಬ್ಬರೂ ಹುಟ್ಟಿದ್ದು ಜನವರಿ 23ರಂದೇ, ಒಬ್ಬರು 1930ರಲ್ಲಿ, ಇನ್ನೊಬ್ಬರು 1915ರಲ್ಲಿ. ಚೌಕದಲ್ಲಿ ಇಬ್ಬರ ಎದೆಮಟ್ಟದ ಪ್ರತಿಮೆಗಳಿವೆ, ಪಕ್ಕದಲ್ಲಿ ಹರಡಿ ನಿಂತ ಹಳೆಯ ಮಳೆಮರವಿದೆ. ಚೌಕದ ಮಗ್ಗುಲಿನ ಪ್ರಧಾನ ಚರ್ಚಿಗೆ ತಪ್ಪದೆ ಹೋಗಿ. ದೇಶದ ಬಾವುಟವನ್ನು ರೂಪಿಸಿದ ಡನ್ಸ್ಟನ್ ಸೇಂಟ್ ಓಮರ್ ಅವರೇ ಅದರ ಒಳಗೋಡೆಗಳ ಚಿತ್ರಗಳನ್ನೂ ಬಿಡಿಸಿದ್ದಾರೆ. ಅಲ್ಲಿನ ಸಂತರ ಮುಖಗಳು ಈ ದ್ವೀಪದ ಜನರ ಮುಖಗಳು. ಬಳಿಕ ಕೇಂದ್ರ ಮಾರುಕಟ್ಟೆಗೆ ಹೋಗಿ ಜಾಯಿಕಾಯಿ, ದಾಲ್ಚಿನ್ನಿ ತೊಗಟೆ, ಕೋಕೋ ಕಡ್ಡಿಗಳನ್ನು ಕೊಳ್ಳಬಹುದು. ಮಾರುಕಟ್ಟೆ ತುಂಬಿ ತುಳುಕುವುದು ಶನಿವಾರ ಬೆಳಿಗ್ಗೆ.

ಉತ್ತರದಲ್ಲಿ ಒಂದನ್ನೇ ನೋಡುವಷ್ಟು ಸಮಯವಿದ್ದರೆ ಪಿಜನ್ ಐಲೆಂಡ್ ನೋಡಿ. ಹಿಂದೆ ಇದು ಬೇರೆಯೇ ದ್ವೀಪವಾಗಿತ್ತು. 1970ರ ದಶಕದ ಆರಂಭದಲ್ಲಿ ಮಣ್ಣು ತುಂಬಿ ಮುಖ್ಯ ನೆಲಕ್ಕೆ ಜೋಡಿಸಿದರು. ಹದಿನಾರನೇ ಶತಮಾನದಲ್ಲಿ ಮರಗಾಲಿನ ಫ್ರೆಂಚ್ ಕಡಲ್ಗಳ್ಳ ಫ್ರಾಂಸ್ವಾ ಲ ಕ್ಲೆರ್ ಇಲ್ಲಿಂದ ಸ್ಪ್ಯಾನಿಷ್ ಹಡಗುಗಳಿಗೆ ಹೊಂಚು ಹಾಕುತ್ತಿದ್ದ. ಆಮೇಲೆ ಬ್ರಿಟಿಷ್ ನೌಕಾಧಿಪತಿ ಜಾರ್ಜ್ ರಾಡ್ನಿ ಕಟ್ಟಿಸಿದ ಕೋಟೆಯಿಂದ ಮಾರ್ಟಿನಿಕ್‌ನಲ್ಲಿದ್ದ ಫ್ರೆಂಚ್ ನೌಕೆಗಳ ಮೇಲೆ ಕಣ್ಣಿಡಲಾಗುತ್ತಿತ್ತು. 1782ರ ಏಪ್ರಿಲ್‌ನಲ್ಲಿ ಆ ನೌಕೆಗಳು ಹೊರಟಾಗ ರಾಡ್ನಿ ಅವುಗಳ ಬೆನ್ನಟ್ಟಿ ಸೇಂಟ್ಸ್ ದ್ವೀಪಗಳ ಬಳಿ ಸೋಲಿಸಿದ. ಕೋಟೆಯ ದಿಬ್ಬವನ್ನು ಇಪ್ಪತ್ತು ನಿಮಿಷದಲ್ಲಿ ಏರಬಹುದು. ಗಾಳಿ ತಿಳಿಯಾಗಿದ್ದರೆ ಮಾರ್ಟಿನಿಕ್ ಕಾಣುತ್ತದೆ, ಆಗ ಈ ಕೋಟೆ ಇಲ್ಲೇ ಏಕಿದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಬ್ರಿಟಿಷರ ಮತ್ತು ಫ್ರೆಂಚರ ನಡುವೆ ಹದಿನಾಲ್ಕು ಸಲ ಕೈ ಬದಲಾಯಿಸಿದ ನಾಡು ಇದು. ಅದಕ್ಕೇ ಕಚೇರಿಯ ಭಾಷೆ ಇಂಗ್ಲಿಷ್ ಆದರೂ ಮನೆಮಾತು ಫ್ರೆಂಚ್ ಬೇರಿನ ಕ್ವೇಯೋಲ್, ಊರುಗಳ ಹೆಸರೂ ಫ್ರೆಂಚ್.

ಕ್ರಿಕೆಟ್ ಪ್ರೀತಿಸುವವರಿಗೆ ಪಕ್ಕದಲ್ಲೇ ಡೇರನ್ ಸ್ಯಾಮಿ ಮೈದಾನವಿದೆ. ಸುರೇಶ್ ರೈನಾ 2010ರ ಮೇ 2ರಂದು ದಕ್ಷಿಣ ಆಫ್ರಿಕಾ ವಿರುದ್ಧ 101 ರನ್ ಹೊಡೆದು, ಅಂತಾರಾಷ್ಟ್ರೀಯ ಟಿ20ಯಲ್ಲಿ ಶತಕ ಗಳಿಸಿದ ಮೊದಲ ಭಾರತೀಯ ಪುರುಷ ಆಟಗಾರನಾದದ್ದು ಇಲ್ಲಿಯೇ.

ಊಟ, ಸಂಜೆ, ಓಡಾಟ

ರಾಷ್ಟ್ರೀಯ ಖಾದ್ಯದ ಹೆಸರು ಗ್ರೀನ್ ಫಿಗ್ ಮತ್ತು ಸಾಲ್ಟ್‌ಫಿಶ್. ಇಲ್ಲಿ ಫಿಗ್ ಎಂದರೆ ಅಂಜೂರವಲ್ಲ, ಬಾಳೆಕಾಯಿ. ಬೇಯಿಸಿದ ಬಾಳೆಕಾಯಿಯ ಜೊತೆ ಉಪ್ಪು ಹಾಕಿ ಒಣಗಿಸಿದ ಮೀನು. ಬೆಳಗಿನ ತಿಂಡಿಗೆ ಬೇಕ್ ಎಂದು ಕರೆಯುವ ಕರಿದ ಹಿಟ್ಟಿನ ರೊಟ್ಟಿ ಮತ್ತು ಮಸಾಲೆ ಹಾಕಿ ಕುದಿಸಿದ ಕೋಕೋ ಟೀ ಕೇಳಿ. ಸಸ್ಯಾಹಾರಿಗಳು ದೀಗುಜ್ಜೆ, ಕೆಸುವಿನ ಗೆಡ್ಡೆ, ಬಾಳೆಕಾಯಿ, ಬೇಳೆಗಳನ್ನು ನೆಚ್ಚಿಕೊಳ್ಳಬಹುದು. ಕ್ಯಾಲಲೂ ಸೊಪ್ಪಿನ ಸಾರಿನಲ್ಲಿ ಉಪ್ಪು ಮಾಂಸವೋ ಏಡಿಯೋ ಇರಬಹುದಾದ್ದರಿಂದ ವಿಚಾರಿಸಿಯೇ ಉಣ್ಣಬೇಕು. ಕೂಲಿ ಕರಾರಿನ ಮೇಲೆ ಭಾರತೀಯರು 1859ರಿಂದ ಇಲ್ಲಿಗೆ ಬಂದರು. ಪಲ್ಯ ತುಂಬಿ ಮಡಚಿದ ರೊಟ್ಟಿ ಇಂದು ದ್ವೀಪದ ಎಲ್ಲರ ಊಟವಾಗಿದೆ.

ಶುಕ್ರವಾರ ಸಂಜೆಯನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಗ್ರೋಸ್ ಐಲೆಟ್ ಎಂದು ಬರೆದು ಗ್ರೋಜಿಲೆ ಎಂದು ಕರೆಯುವ ಊರಿನ ಬೀದಿಗಳಲ್ಲಿ ಆ ರಾತ್ರಿ ಸುಟ್ಟ ಕೋಳಿ, ಮೀನು, ಜೋರು ಸಂಗೀತ, ಕುಣಿತ. ಅಷ್ಟು ಸದ್ದು ಬೇಡವೆನ್ನುವವರಿಗೆ ಅದೇ ಸಂಜೆ ಆಂಸ್ ಲಾ ರೇ ಎಂಬ ಮೀನುಗಾರರ ಹಳ್ಳಿಯಲ್ಲಿ ಮೀನಿನ ಸಂತೆ ನಡೆಯುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಅಲ್ಲಿ ಅಡುಗೆ ಮಾಡುವವರೊಡನೆ ಮಾತಾಡಲು ಆಗುತ್ತದೆ.

ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ಬಾಡಿಗೆ ಎಷ್ಟು, ಯಾವ ಡಾಲರಿನಲ್ಲಿ ಎಂದು ಮಾತಾಡಿಕೊಳ್ಳಬೇಕು: ಒಂದು ಅಮೆರಿಕನ್ ಡಾಲರಿಗೆ 2.70 ಪೂರ್ವ ಕೆರಿಬಿಯನ್ ಡಾಲರ್ ಎಂಬ ದರ 1976ರಿಂದ ಸ್ಥಿರವಾಗಿದೆ, ಹೀಗಾಗಿ ಬರಿಯ ಡಾಲರ್ ಎಂಬ ಮಾತು ಎರಡೂವರೆ ಪಟ್ಟಿಗೂ ಮಿಕ್ಕ ವ್ಯತ್ಯಾಸಕ್ಕೆ ದಾರಿಯಾದೀತು. ಮಿನಿಬಸ್ಸು ಅಗ್ಗ, ಕ್ಯಾಸ್ಟ್ರೀಸ್‌ನಿಂದ ಗ್ರೋಸ್ ಐಲೆಟ್‌ಗೆ 1ಎ, ವ್ಯೂ ಫೋರ್‌ಗೆ 2ಎಚ್, ಸೂಫ್ರಿಯೇರ್‌ಗೆ 3ಡಿ ಎಂಬ ಫಲಕ ನೋಡಿ ಹತ್ತಿ. ಅವು ತುಂಬಿದ ಮೇಲೆ ಹೊರಡುತ್ತವೆ, ಸಂಜೆಯ ನಂತರ ದಕ್ಷಿಣದ ಕಡೆಗೆ ವಿರಳವಾಗುತ್ತವೆ. ಸ್ವತಃ ಕಾರು ಓಡಿಸುವವರು ಸ್ಥಳೀಯ ತಾತ್ಕಾಲಿಕ ಪರವಾನಗಿ ಪಡೆಯಬೇಕು, ರಸ್ತೆಯ ಎಡಬದಿಯಲ್ಲಿ ಓಡಿಸಬೇಕು, ಕತ್ತಲಾದ ಮೇಲೆ ಬೆಟ್ಟದ ರಸ್ತೆಗೆ ಇಳಿಯಬಾರದು. ಸೈನಿಕರ ಮರೆಬಣ್ಣದ ಬಟ್ಟೆಯನ್ನು ಮಕ್ಕಳಿಗೂ ತೊಡಿಸುವಂತಿಲ್ಲ, ಅದು ಕಾನೂನಿನಲ್ಲೇ ನಿಷಿದ್ಧ. ಈಜುಡುಗೆಯಲ್ಲಿ ಪೇಟೆಗೆ ಬರುವುದನ್ನು ಜನ ಅಗೌರವವೆಂದು ಭಾವಿಸುತ್ತಾರೆ, ಮತ್ತು ಏನನ್ನು ಕೇಳುವುದಕ್ಕೂ ಮೊದಲು ಗುಡ್ ಮಾರ್ನಿಂಗ್ ಹೇಳುವುದನ್ನು ನಿರೀಕ್ಷಿಸುತ್ತಾರೆ.

ಒಳನಾಡಿನ ಮಳೆಕಾಡಿಗೆ ಒಂದು ಬೆಳಗು ಮೀಸಲಿಡಬಹುದಾದರೆ ಅರಣ್ಯ ಇಲಾಖೆಯ ಕಾಲುದಾರಿಗಳಲ್ಲಿ ಮಾರ್ಗದರ್ಶಕರೊಡನೆ ನಡೆಯಿರಿ. ಜಾಕೊ ಎಂದು ಕರೆಯುವ, ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲದ ನೀಲಿ ಮುಖದ ಗಿಳಿ 1970ರ ದಶಕದಲ್ಲಿ ನೂರೈವತ್ತರ ಆಸುಪಾಸಿಗೆ ಇಳಿದಿತ್ತು. ಅದನ್ನು ರಾಷ್ಟ್ರಪಕ್ಷಿಯೆಂದು ಸಾರಿ, ಶಾಲೆಶಾಲೆಗೂ ಹೋಗಿ ತಿಳಿಹೇಳಿ ಜನರೇ ಉಳಿಸಿಕೊಂಡರು. ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಳೆ ಕಡಿಮೆ, ಜನ ಮತ್ತು ಬೆಲೆ ಹೆಚ್ಚು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆದರೆ ಮಾರುಕಟ್ಟೆಯ ಹೆಂಗಸರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಚೌಕಳಿ ಬಟ್ಟೆ ಉಟ್ಟು ಕ್ವೇಯೋಲ್ ಭಾಷೆಯನ್ನು ಸಂಭ್ರಮಿಸುವ ಜೂನೆ ಕ್ವೇಯೋಲ್ ಹಬ್ಬ ಬರುವುದು ಅಕ್ಟೋಬರ್ ಕೊನೆಯ ಭಾನುವಾರ, ಮಳೆಗಾಲದಲ್ಲೇ. ಅದನ್ನು ನೋಡಬೇಕೆನ್ನುವವರು ರದ್ದು ಮಾಡಿದರೆ ಹಣ ಮರಳುವಂಥ ಟಿಕೆಟ್ ಕೊಂಡು, ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದ ಎರಡು ದಿನಗಳನ್ನು ಸೂಫ್ರಿಯೇರ್‌ನ ಪಾಲಿಗೆ ಸೇರಿಸಿಕೊಂಡು ಬರಲಿ; ಮಳೆ ನಿಂತ ಮರುದಿನ ಬೆಳಿಗ್ಗೆ ಪಿಟಾನ್‌ಗಳ ಮೇಲಿನ ಮೋಡ ಸರಿಯುವುದನ್ನು ಕಾದು ನೋಡಲು ಅಷ್ಟು ಬಿಡುವು ಬೇಕು.